ಶಾಲಾ ಪ್ರಾರಂಭೋತ್ಸವ: ಮಕ್ಕಳ ಜೊತೆಗೆ ಮನೆಯವರನ್ನೂ ಬರಮಾಡಿಕೊಳ್ಳುವ ಬಗೆ

ಇತ್ತೀಚಿನ ವರ್ಷಗಳಲ್ಲಿ ನಮ್ಮ ಸರ್ಕಾರಿ ಶಾಲೆಗಳಿಗೆ ಏಪ್ರಿಲ್ 11ರಿಂದ ಮೇ 28ರವರೆಗೆ ಬೇಸಿಗೆ ರಜೆ ಇದ್ದು, ಮೇ 29ರಂದು ಬೀಗ ತೆಗೆದು, ಒಂದೆರಡು ದಿನಗಳಲ್ಲಿ ಪ್ರಾರಂಭೋತ್ಸವ ನಡೆಯುವುದು ವಾಡಿಕೆಯಾಗಿದೆ. ಕೋಲಾರ ಜಿಲ್ಲೆಯ ಶ್ರೀನಿವಾಸಪುರ ಸೀಮೆಯಲ್ಲಿ ಅದು ಮಾವಿನ ಕೊಯ್ಲಿನ ಕಾಲ. ಹಲವು ವರ್ಷಗಳ ಹಿಂದೆ, ನಾನು ಮುಖ್ಯ ಶಿಕ್ಷಕಿಯಾದ ಮೊದಲ ವರ್ಷದಲ್ಲಿ, ತೋರಣ, ವೇದಿಕೆ, ಅತಿಥಿಗಳ ಭಾಷಣ ಎಲ್ಲವೂ ಮುಗಿಯುವ ಹೊತ್ತಿಗೆ ಕಾಂಪೌಂಡಿನ ಹೊರಗೆ ಬೇವಿನ ಮರದ ಕೆಳಗೆ ಒಬ್ಬ ತಾಯಿ ಮಗನ ಕೈ ಹಿಡಿದು ನಿಂತಿರುವುದನ್ನು ಕಂಡೆ. ತೋಪಿನ ಕೆಲಸ ಬಿಟ್ಟು ಬಂದಿದ್ದ ಆಕೆಯ ಬೆರಳುಗಳು ಮಾವಿನ ಸೊನೆ ತಾಗಿ ಕಪ್ಪಾಗಿದ್ದವು. ಎರಡು ಗಂಟೆ ಕಾದಿದ್ದರೂ ಒಳಗೆ ಬರಲು ಆಕೆಗೆ ಧೈರ್ಯವಾಗಿರಲಿಲ್ಲ, ಒಳಗೆ ಬನ್ನಿ ಎಂದು ನಮ್ಮಲ್ಲಿ ಒಬ್ಬರೂ ಕರೆದಿರಲಿಲ್ಲ. ಆಮೇಲೆ ಮಗನ ದಾಖಲಾತಿಗೆ ಹೆಬ್ಬೆಟ್ಟು ಒತ್ತುವಾಗ ಆಕೆ ಕೈಯನ್ನು ಸೆರಗಿಗೆ ಮತ್ತೆ ಮತ್ತೆ ಒರೆಸಿಕೊಂಡದ್ದು ಇಂದಿಗೂ ನನ್ನ ಕಣ್ಣ ಮುಂದಿದೆ.

ಅಂದಿನಿಂದ ನಾನು ಒಂದು ಮಾತನ್ನು ಹಿಡಿದುಕೊಂಡು ಬಂದಿದ್ದೇನೆ. ಶಾಲೆಯು ಮನೆಯವರಿಗೆ ಹೇಳಬೇಕಾದ್ದು ಬಹಳವಿದೆ, ಆದರೆ ಅದಕ್ಕೂ ಮೊದಲು ಮನೆಯವರು ಹೇಳುವುದನ್ನು ಶಾಲೆ ಕೇಳಬೇಕು. ಈ ಕೆಳಗಿನ ಕ್ರಮವನ್ನು ಆ ಮಾತಿನ ಸುತ್ತಲೇ ಹೆಣೆದಿದ್ದೇನೆ. ಮುಖ್ಯ ಶಿಕ್ಷಕರಿಗೆ, ಸಹ ಶಿಕ್ಷಕರಿಗೆ, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ, ಅಂದರೆ ಎಸ್‌ಡಿಎಂಸಿಯ, ಸದಸ್ಯರಿಗೆ ಇದು ಉಪಯೋಗಕ್ಕೆ ಬಂದೀತೆಂಬುದು ನನ್ನ ಆಸೆ.

ಮೊದಲ ಹೆಜ್ಜೆ: ಫಲಿತಾಂಶದ ದಿನವೇ ಕರೆಯುವುದು

ಸ್ವಾಗತದ ಕೆಲಸ ಜೂನ್ ತಿಂಗಳಿನದು ಎಂದುಕೊಂಡರೆ ಆಗಲೇ ತಡವಾಗಿರುತ್ತದೆ. ಏಪ್ರಿಲ್ 10ರ ಸುಮಾರಿಗೆ ವಾರ್ಷಿಕ ಫಲಿತಾಂಶ ತಿಳಿಸಲು ಪೋಷಕರನ್ನು ಶಾಲೆಗೆ ಕರೆಯುತ್ತೇವಲ್ಲ, ಅಂದೇ ಮುಂದಿನ ವರ್ಷದ ಆಹ್ವಾನವೂ ಆಗಿಬಿಡಬೇಕು. ಅಂಕಪಟ್ಟಿ ಕೈಗಿಟ್ಟು ಕಳುಹಿಸುವ ಬದಲು ಪ್ರತಿಯೊಬ್ಬ ತರಗತಿ ಶಿಕ್ಷಕರೂ ಎರಡು ವಿಷಯಗಳನ್ನು ಕೇಳಿ ಬರೆದುಕೊಳ್ಳಲಿ: ರಜೆಯಲ್ಲಿ ಮಗು ಎಲ್ಲಿರುತ್ತದೆ, ಮತ್ತು ಶಾಲೆ ತೆರೆಯುವ ದಿನ ಅದನ್ನು ಯಾರು ಕರೆತರುತ್ತಾರೆ. ಪಾವಗಡ, ಬಾಗೇಪಲ್ಲಿ ಕಡೆಯ ಎಷ್ಟೋ ಮನೆಗಳಲ್ಲಿ ತಂದೆತಾಯಿ ಬೆಂಗಳೂರಿನ ಕಟ್ಟಡ ಕೆಲಸಕ್ಕೋ ಗಾರ್ಮೆಂಟ್ಸಿಗೋ ಹೋಗಿರುತ್ತಾರೆ, ಮಗು ಊರಿನಲ್ಲಿ ಅಜ್ಜಿಯ ಬಳಿ ಬೆಳೆಯುತ್ತದೆ. ರಜೆಗೆಂದು ಬೆಂಗಳೂರಿಗೆ ಹೋದ ಮಗು ಅಲ್ಲೇ ಉಳಿದುಬಿಡುವುದೂ ಉಂಟು. ಈ ಎರಡು ಸಾಲುಗಳು ನಮ್ಮ ಬಳಿ ಇದ್ದರೆ ಜೂನ್ ಎರಡನೆಯ ವಾರದಲ್ಲಿ ಹಾಜರಾತಿ ಪುಸ್ತಕ ಹಿಡಿದು ಮನೆ ಮನೆ ತಿರುಗುವ ಶ್ರಮ ಅರ್ಧದಷ್ಟು ಉಳಿಯುತ್ತದೆ.

ಫೋನ್ ನಂಬರನ್ನೂ ಅದೇ ದಿನ ಪರೀಕ್ಷಿಸಬೇಕು. ಮನೆಯವರ ಎದುರಿಗೇ ಆ ನಂಬರಿಗೆ ಒಂದು ರಿಂಗ್ ಕೊಟ್ಟು ನೋಡಿದರೆ ಸಾಕು. ರೀಚಾರ್ಜ್ ಮಾಡಿಸದೆ ನಿಂತುಹೋದ ಸಿಮ್, ಯಾರೋ ನೆಂಟರ ಮೊಬೈಲ್, ಒಂದು ಅಂಕಿ ತಪ್ಪಿದ ನಂಬರ್ ಎಲ್ಲವೂ ಅಲ್ಲಿಯೇ ಬಯಲಾಗುತ್ತವೆ.

ಎರಡನೆಯ ಹೆಜ್ಜೆ: ಯಾರು ಬರಬೇಕು ಎಂಬ ಪಟ್ಟಿ

ಒಂದನೆಯ ತರಗತಿಗೆ ಬರುವ ಮಕ್ಕಳ ವಿವರ ಅಂಗನವಾಡಿ ಕಾರ್ಯಕರ್ತೆಯ ಬಳಿ ಇರುತ್ತದೆ. ಯಾವ ಮಗು ಮಾತು ತಡವಾಗಿ ಕಲಿತಿದೆ, ಯಾವುದಕ್ಕೆ ಕಿವಿ ಸೋರುತ್ತದೆ, ಯಾವ ಮನೆಯಲ್ಲಿ ತಾಯಿ ಇಲ್ಲ ಎಂಬುದೆಲ್ಲ ಆಕೆಗೆ ಬಾಯಿಪಾಠ. ಮೇ ತಿಂಗಳ ಯಾವುದಾದರೂ ಒಂದು ಬೆಳಗ್ಗೆ ಶಿಕ್ಷಕರು ತಾವೇ ಅಂಗನವಾಡಿಗೆ ಹೋಗಿ ಮಕ್ಕಳ ಜೊತೆ ಅರ್ಧ ಗಂಟೆ ಕುಳಿತು ಬರುವುದು ಒಳ್ಳೆಯದು. ಪ್ರಾರಂಭೋತ್ಸವದ ದಿನ ಆ ಕಾರ್ಯಕರ್ತೆಯೇ ಮಕ್ಕಳನ್ನು ಸಾಲಾಗಿ ಶಾಲೆಗೆ ಕರೆತಂದರೆ ಅಳುವ ಮಕ್ಕಳ ಸಂಖ್ಯೆ ಎಷ್ಟು ಕಡಿಮೆಯಾಗುತ್ತದೆಂಬುದನ್ನು ಕಂಡವರೇ ಬಲ್ಲರು.

ಪಟ್ಟಿಯಲ್ಲಿ ಹೆಚ್ಚಾಗಿ ಬಿಟ್ಟುಹೋಗುವವರು ವಲಸೆ ಬಂದವರ ಮಕ್ಕಳು. ಶಿಡ್ಲಘಟ್ಟದ ರೇಷ್ಮೆ ನೂಲು ತೆಗೆಯುವ ಘಟಕಗಳು, ಇಟ್ಟಿಗೆ ಗೂಡುಗಳು, ಕೋಳಿ ಫಾರಂಗಳು, ವಸಂತನರಸಾಪುರ ಮತ್ತು ನರಸಾಪುರದ ಕೈಗಾರಿಕಾ ಪ್ರದೇಶಗಳ ಸುತ್ತಲಿನ ಶೆಡ್ಡುಗಳು, ಇಲ್ಲೆಲ್ಲ ಒಮ್ಮೆ ನಡೆದುಬರಬೇಕು. ಈ ಕುಟುಂಬಗಳ ಹೆಸರು ಗ್ರಾಮದ ಮತದಾರರ ಪಟ್ಟಿಯಲ್ಲಿಯೂ ಇರುವುದಿಲ್ಲ, ಪಡಿತರ ಅಂಗಡಿಯಲ್ಲಿಯೂ ಇರುವುದಿಲ್ಲ. ಶಾಲೆ ತಮ್ಮ ಮಕ್ಕಳನ್ನು ಸೇರಿಸಿಕೊಳ್ಳುತ್ತದೆಯೇ ಎಂಬ ಅನುಮಾನ ಅವರಲ್ಲಿ ಬಲವಾಗಿರುವುದರಿಂದ, ಆ ಅನುಮಾನವನ್ನು ಕಳೆಯಲು ನಾವೇ ಮೊದಲು ಅವರ ಬಾಗಿಲಿಗೆ ಹೋಗಬೇಕಾಗುತ್ತದೆ.

ಮೂರನೆಯ ಹೆಜ್ಜೆ: ಕರೆಯೋಲೆ ತಲುಪುವ ದಾರಿ

ವಾಟ್ಸಾಪ್ ಗುಂಪಿಗೆ ಒಂದು ಚಿತ್ರ ಕಳುಹಿಸಿ ಊರಿಗೆಲ್ಲ ಹೇಳಿದ್ದಾಯಿತು ಎಂದು ತಿಳಿಯುವುದು ಸರಿಯಲ್ಲ. ನಮ್ಮ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಜಿಲ್ಲೆಗಳ ಹಳ್ಳಿಗಳಲ್ಲಿ ಬೆಳಗ್ಗೆ ಸಂಜೆ ತಪ್ಪದೆ ಜನ ಸೇರುವ ಜಾಗವೆಂದರೆ ಹಾಲಿನ ಡೈರಿ. ಕ್ಯಾನು, ಚೊಂಬು ಹಿಡಿದು ಸಾಲಿನಲ್ಲಿ ನಿಂತ ಹೆಂಗಸರಿಗೂ ಗಂಡಸರಿಗೂ ಅಲ್ಲಿ ಹತ್ತು ನಿಮಿಷ ಬೇರೆ ಕೆಲಸವಿರುವುದಿಲ್ಲ. ಶಾಲೆ ತೆರೆಯುವ ಹಿಂದಿನ ವಾರ ಒಬ್ಬ ಶಿಕ್ಷಕರೂ ಒಬ್ಬ ಎಸ್‌ಡಿಎಂಸಿ ಸದಸ್ಯರೂ ಎರಡು ದಿನ ಬೆಳಗ್ಗೆ, ಎರಡು ದಿನ ಸಂಜೆ ಡೈರಿಯ ಬಳಿ ನಿಂತು ಪ್ರತಿ ಮನೆಯವರನ್ನೂ ಹೆಸರು ಹಿಡಿದು ಕರೆಯಲಿ. ಹಾಲು ಹಾಕದ ಮನೆಗಳು ಯಾವುವೆಂಬುದು ಡೈರಿಯ ಕಾರ್ಯದರ್ಶಿಗೆ ಗೊತ್ತಿರುತ್ತದೆ. ಹಸುವಿಲ್ಲದ, ಜಮೀನಿಲ್ಲದ ಆ ಮನೆಗಳಿಗೆ ನಡೆದೇ ಹೋಗಬೇಕು, ಅದರಲ್ಲೂ ಕಾಲೋನಿಯ ಮನೆಗಳಿಗೆ ಮುಖ್ಯ ಶಿಕ್ಷಕರೇ ಹೋಗುವುದು ತಕ್ಕದ್ದು. ಉಳಿದವರಿಗೆ ದೇವಸ್ಥಾನದ ಮೈಕಿನಲ್ಲಿ ಒಂದು ಸಲ ಸಾರಿದರಾಯಿತು.

ಕರೆಯುವ ಭಾಷೆಯ ಬಗ್ಗೆ ಎರಡು ಮಾತು. ಬಾಗೇಪಲ್ಲಿ, ಚಿಂತಾಮಣಿ, ಶ್ರೀನಿವಾಸಪುರ, ಮುಳಬಾಗಿಲು, ಪಾವಗಡದ ಬಹಳ ಮನೆಗಳಲ್ಲಿ ಆಡುಮಾತು ತೆಲುಗು, ಕೆಜಿಎಫ್‌ನಲ್ಲಿ ತಮಿಳು, ಪಟ್ಟಣಗಳ ಅನೇಕ ಮೊಹಲ್ಲಾಗಳಲ್ಲಿ ಉರ್ದು. ಕನ್ನಡ ಮಾಧ್ಯಮದ ಶಾಲೆ ಕನ್ನಡದಲ್ಲಿಯೇ ಕಲಿಸುತ್ತದೆ, ಕಲಿಸಬೇಕು. ನಾನು ಕನ್ನಡ ಕಲಿಸುತ್ತಲೇ ಬದುಕು ಕಟ್ಟಿಕೊಂಡವಳು. ಆದರೆ ಬಾಗಿಲಲ್ಲಿ ನಿಂತ ಅಜ್ಜಿಗೆ ತೆಲುಗಿನಲ್ಲಿ "ರಾಂಡಿ, ಕೂಚೋಂಡಿ", ಅಂದರೆ ಬನ್ನಿ, ಕುಳಿತುಕೊಳ್ಳಿ, ಎಂದು ಹೇಳಿದರೆ ಕನ್ನಡಕ್ಕೆ ಕುಂದಿಲ್ಲ. ಆ ಒಂದು ಮಾತಿನಿಂದ ಆಕೆ ಕುರ್ಚಿಯ ಮೇಲೆ ಕೂರುತ್ತಾಳೆ, ಮೊಮ್ಮಗನ ಜ್ವರದ ವಿಷಯ ಹೇಳುತ್ತಾಳೆ, ಮುಂದಿನ ಸಭೆಗೂ ಬರುತ್ತಾಳೆ.

ಸಮಯವನ್ನು ಊರಿನ ಕೆಲಸಕ್ಕೆ ಹೊಂದಿಸಿ ಗೊತ್ತುಪಡಿಸಬೇಕು. ಕೂಲಿಗೆ ಹೋಗುವವರು ಬೆಳಗ್ಗೆ ಬೇಗನೆ ಹೊರಟುಬಿಡುತ್ತಾರೆ. ಕೋಲಾರದ ಎಪಿಎಂಸಿಗೆ ಟೊಮ್ಯಾಟೊ ಸಾಗಿಸುವವರು ಎಷ್ಟೋ ದಿನ ಮಧ್ಯಾಹ್ನದವರೆಗೆ ಮನೆಗೆ ಬರುವುದಿಲ್ಲ. ನರಸಾಪುರ, ವೇಮಗಲ್ ಕಡೆಯ ಕಾರ್ಖಾನೆಗಳಲ್ಲಿ ದುಡಿಯುವ ತಾಯಂದಿರಿಗೆ ಪಾಳಿ ಇರುತ್ತದೆ. ಹೀಗಾಗಿ ಮಕ್ಕಳ ಸ್ವಾಗತ ಬೆಳಗ್ಗೆ ನಡೆದರೂ, ಅಂದು ಬರಲಾಗದವರಿಗಾಗಿ ಅದೇ ವಾರದಲ್ಲಿ ಒಂದು ಸಂಜೆಯನ್ನೋ ಭಾನುವಾರದ ಎರಡು ಗಂಟೆಯನ್ನೋ ಮೀಸಲಿಟ್ಟು, ಅದನ್ನೂ ಕರೆಯೋಲೆಯಲ್ಲಿಯೇ ತಿಳಿಸಬೇಕು. ಒಂದು ದಿನದ ಕೂಲಿ ಬಿಟ್ಟು ಬನ್ನಿ ಎಂದು ಕೇಳುವ ಹಕ್ಕು ನಮಗಿಲ್ಲ.

ನಾಲ್ಕನೆಯ ಹೆಜ್ಜೆ: ಶಾಲೆಯನ್ನು ಅಣಿಮಾಡುವುದು

48 ದಿನ ಬೀಗ ಹಾಕಿದ್ದ ಕೋಣೆಯನ್ನು ಮಕ್ಕಳಿಂದ ತೆರೆಸಬಾರದು, ಮಕ್ಕಳಿಂದ ಗುಡಿಸಿಸಲೂ ಬಾರದು. ಚೇಳು, ಹಾವು, ಕಣಜದ ಗೂಡು ಏನಿದ್ದರೂ ದೊಡ್ಡವರೇ ಮೊದಲು ನೋಡಬೇಕು. ಹೆಂಚು ಸರಿದಿದೆಯೇ, ಸ್ವಿಚ್ಚಿನಿಂದ ತಂತಿ ಹೊರಬಂದಿದೆಯೇ, ಮೊದಲ ಮಳೆಗೆ ಗೋಡೆ ನೆನೆದಿದೆಯೇ ಎಂದು ಒಂದೊಂದೇ ಕೋಣೆಯನ್ನು ಪರಿಶೀಲಿಸಿ, ಸರಿಯಿಲ್ಲದ ಕೋಣೆಗೆ ಮತ್ತೆ ಬೀಗ ಹಾಕಿ, ವಿಷಯವನ್ನು ಬರವಣಿಗೆಯಲ್ಲಿ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೂ ಗ್ರಾಮ ಪಂಚಾಯಿತಿಗೂ ಮುಟ್ಟಿಸಬೇಕು.

ನೀರಿನ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಮತ್ತು ಪಾವಗಡ ತಾಲ್ಲೂಕಿನ ಅನೇಕ ಊರುಗಳ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಅಧಿಕವಾಗಿದೆ, ಹಲ್ಲಿನ ಮೇಲೆ ಕಂದು ಗೆರೆ ಮೂಡಿದ ಮಕ್ಕಳು ನಮ್ಮ ತರಗತಿಗಳಲ್ಲಿಯೇ ಕುಳಿತಿರುತ್ತಾರೆ. ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ಶಾಲೆಯಲ್ಲಿ ಶುದ್ಧೀಕರಣದ ಯಂತ್ರವಿದ್ದರೆ ರಜೆಯಲ್ಲಿ ನಿಂತಿದ್ದ ಅದನ್ನು ತೆರೆಸಿ, ಒಳಗಿನ ಫಿಲ್ಟರ್ ಬದಲಿಸಿ, ಮೊದಲು ಬಂದ ನೀರನ್ನು ಚೆಲ್ಲಿ ಆಮೇಲೆ ಬಳಸಬೇಕು. ಯಂತ್ರವಿಲ್ಲದಿದ್ದರೆ ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ಕ್ಯಾನುಗಳನ್ನು ತರಿಸುವ ಏರ್ಪಾಡನ್ನು ಮೇ ತಿಂಗಳಲ್ಲಿಯೇ ಪಂಚಾಯಿತಿಯೊಂದಿಗೆ ಮಾತನಾಡಿ ಗಟ್ಟಿ ಮಾಡಿಕೊಳ್ಳಬೇಕು. ಮೇಲಿನ ಟ್ಯಾಂಕನ್ನು ತೊಳೆಸಿ, ತೊಳೆದ ತಾರೀಖನ್ನು ಅದರ ಮೇಲೆಯೇ ಬರೆಸಿ. ಹೆಣ್ಣುಮಕ್ಕಳ ಶೌಚಾಲಯದ ಚಿಲಕ ಒಳಗಿನಿಂದ ಬೀಳುತ್ತದೆಯೇ ಎಂದು ಒಬ್ಬ ಶಿಕ್ಷಕಿಯೇ ಕೈಯಿಂದ ಹಾಕಿ ನೋಡಲಿ. ಆರನೆಯ ತರಗತಿ ದಾಟಿದ ಹುಡುಗಿ ಶಾಲೆ ತಪ್ಪಿಸುವುದಕ್ಕೆ ಎಷ್ಟೋ ಸಲ ಈ ಚಿಲಕವೇ ಕಾರಣವಾಗಿರುತ್ತದೆ.

ಅಲಂಕಾರಕ್ಕೆ ನಮ್ಮ ಸೀಮೆಯಲ್ಲಿ ದುಡ್ಡು ಸುರಿಯಬೇಕಾಗಿಲ್ಲ. ಮಾವಿನೆಲೆ ಊರಿನಲ್ಲೇ ಇದೆ, ಸೇವಂತಿಗೆ, ಗುಲಾಬಿಗೆ ಚಿಕ್ಕಬಳ್ಳಾಪುರವೇ ತವರು. ಪ್ಲಾಸ್ಟಿಕ್ ಬಂಟಿಂಗ್ಸ್‌ನ ಬದಲು ತೋಟದ ಹೂವು ತಂದುಕೊಡುವಂತೆ ಒಬ್ಬ ಪೋಷಕರನ್ನು ಕೇಳಿದರೆ ಆತ ಸಂತೋಷದಿಂದ ತರುತ್ತಾನೆ, ಜೊತೆಗೆ ತಾನೂ ಬರುತ್ತಾನೆ.

ಐದನೆಯ ಹೆಜ್ಜೆ: ಗೇಟಿನಿಂದ ಕೋಣೆಯವರೆಗೆ

ಆ ದಿನದ ಅತಿ ಮುಖ್ಯವಾದ ಜಾಗ ಗೇಟು. ಬೆಳಗ್ಗೆ ಮೊದಲ ಗಂಟೆ ಮುಖ್ಯ ಶಿಕ್ಷಕರು ಕಚೇರಿಯಲ್ಲಿ ಕೂರದೆ ಗೇಟಿನಲ್ಲಿಯೇ ನಿಂತಿರಬೇಕು. ಬಂದವರನ್ನು "ಬನ್ನಿ ಅಮ್ಮ", "ಬನ್ನಿ ಅಕ್ಕ", "ಬಾ ತಾತ, ನೆರಳಿಗೆ ಬಾ" ಎಂದು ಕರೆಯುವುದಕ್ಕೆ ತರಬೇತಿ ಬೇಕಾಗಿಲ್ಲ, ಮನೆಗೆ ಬಂದ ನೆಂಟರನ್ನು ಹೇಗೆ ಕರೆಯುತ್ತೇವೋ ಹಾಗೆ ಕರೆದರೆ ಸಾಕು. ಏಳನೆಯ ಅಥವಾ ಎಂಟನೆಯ ತರಗತಿಯ ಇಬ್ಬರು ಮಕ್ಕಳು ಪಕ್ಕದಲ್ಲಿದ್ದು ಹೊಸದಾಗಿ ಬಂದವರನ್ನು ಕೋಣೆಯವರೆಗೆ ಕರೆದೊಯ್ಯಲಿ, ದಾರಿಯಲ್ಲಿ ಕುಡಿಯುವ ನೀರು ಎಲ್ಲಿ, ಶೌಚಾಲಯ ಎಲ್ಲಿ, ಅಡುಗೆಮನೆ ಎಲ್ಲಿ ಎಂದು ತೋರಿಸಲಿ. ತಾವು ಕಲಿಯದ ಶಾಲೆಯ ಒಳಗನ್ನು ಅನೇಕ ತಾಯಂದಿರು ಮೊದಲ ಸಲ ನೋಡುವುದು ಅಂದೇ.

ಸಭಾ ಕಾರ್ಯಕ್ರಮವನ್ನು ಅರ್ಧ ಗಂಟೆಗೆ ಮುಗಿಸಬೇಕೆಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ಮೇ ಕೊನೆಯ ಬಿಸಿಲಿನಲ್ಲಿ ಮಕ್ಕಳನ್ನು ಸಾಲಾಗಿ ಕೂರಿಸಿ ಅತಿಥಿಗಳಿಗಾಗಿ ಕಾಯಿಸುವುದು, ಒಬ್ಬರಾದ ಮೇಲೆ ಒಬ್ಬರು ಭಾಷಣ ಮಾಡುವುದು, ಹಾರ ತುರಾಯಿಗಳ ಫೋಟೊ ತೆಗೆಯುವುದು, ಇವುಗಳಲ್ಲಿ ಯಾವುದೂ ಮಗುವಿಗಾಗಲಿ ಮನೆಯವರಿಗಾಗಲಿ ಬೇಕಾದದ್ದಲ್ಲ. ಒಂದು ನಾಡಗೀತೆ, ಒಂದು ಮಾತು, ಹೊಸ ಮಕ್ಕಳಿಗೆ ಹಳೆಯ ಮಕ್ಕಳಿಂದ ಹೂವು, ಬಂದಿರುವಷ್ಟು ಪಠ್ಯಪುಸ್ತಕ ಮತ್ತು ಸಮವಸ್ತ್ರಗಳ ವಿತರಣೆ, ಇಷ್ಟು ಸಾಕು. ಪುಸ್ತಕವೋ ಬಟ್ಟೆಯೋ ಇನ್ನೂ ಬಂದಿಲ್ಲದಿದ್ದರೆ ಅದನ್ನು ಮುಚ್ಚಿಡದೆ ಹೇಳಿ, ಹೊಸ ಬಟ್ಟೆ ಕೈಗೆ ಬರುವವರೆಗೆ ಮಗು ಯಾವ ಬಟ್ಟೆಯಲ್ಲಿ ಬಂದರೂ ಸರಿಯೆಂದು ಎಲ್ಲರೆದುರು ಸಾರಬೇಕು. ಹರಿದ ಸಮವಸ್ತ್ರದ ನಾಚಿಕೆಗೆ ಮನೆಯಲ್ಲೇ ಉಳಿದ ಮಕ್ಕಳನ್ನು ನಾನು ಬಲ್ಲೆ.

ಒಂದನೆಯ ತರಗತಿಯ ಮಗು ಅತ್ತರೆ ತಾಯಿಯನ್ನು ಹೊರಗೆ ಕಳುಹಿಸಿ ಬಾಗಿಲು ಹಾಕಬೇಡಿ. ಮೊದಲ ಎರಡು ಮೂರು ದಿನ ಮನೆಯವರು ಕೋಣೆಯ ಹಿಂಬದಿಯ ಚಾಪೆಯ ಮೇಲೆ ಕುಳಿತಿರಲಿ, ದಿನದಿಂದ ದಿನಕ್ಕೆ ಆ ಹೊತ್ತನ್ನು ಕಡಿಮೆ ಮಾಡುತ್ತ ಬರಲಿ. ಹೇಳದೆ ಕೇಳದೆ ತಪ್ಪಿಸಿಕೊಂಡು ಹೋಗುವುದಕ್ಕಿಂತ "ಊಟದ ಹೊತ್ತಿಗೆ ಬರ್ತೀನಿ ಕಂದ" ಎಂದು ಹೇಳಿ ಹೋಗಿ, ಹೇಳಿದ ಹೊತ್ತಿಗೆ ಬರುವಂತೆ ತಾಯಿಗೆ ತಿಳಿಸಿಕೊಡಬೇಕು. ಹೀಗೆ ಕುಳಿತ ತಾಯಂದಿರು ಆಡುತ್ತ ಹಾಡುತ್ತ ಕಲಿಸುವ ನಲಿ-ಕಲಿ ಪದ್ಧತಿಯ ಕಾರ್ಡುಗಳನ್ನು, ಹಾಡುಗಳನ್ನು ಕಣ್ಣಾರೆ ಕಾಣುತ್ತಾರೆ, ಇಲ್ಲಿ ಬರೀ ಆಟವಾಡಿಸುತ್ತಾರೆಂಬ ದೂರು ಆ ಮನೆಗಳಿಂದ ಬರುವುದಿಲ್ಲ.

ಆರನೆಯ ಹೆಜ್ಜೆ: ದಾಖಲಾತಿಯ ಮೇಜು

ನನ್ನ ಅನುಭವದಲ್ಲಿ ಮನೆಯವರು ಹೆಚ್ಚು ಹೆದರುವುದು ಈ ಮೇಜಿಗೆ, ನಮ್ಮಿಂದ ಹೆಚ್ಚು ತಪ್ಪುಗಳಾಗುವುದೂ ಇಲ್ಲಿಯೇ. ಮೇಜಿನ ಈಚೆಗೆ ಎರಡು ಕುರ್ಚಿ ಹಾಕಿಸುವುದರಿಂದ ಆರಂಭಿಸಿ. ಬರೆಯುವವರು ಕುಳಿತು, ಬರೆಸುವವರು ನಿಂತಿರುವುದು ಸಲ್ಲದು.

ಕಾನೂನು ಏನು ಹೇಳುತ್ತದೆಂಬುದು ಮೇಜಿನಲ್ಲಿ ಕುಳಿತವರಿಗೆ ತಿಳಿದಿರಬೇಕು. 2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರ 14ನೆಯ ಸೆಕ್ಷನ್ ಪ್ರಕಾರ ವಯಸ್ಸಿನ ದಾಖಲೆ ಇಲ್ಲವೆಂಬ ಕಾರಣಕ್ಕೆ ಯಾವ ಮಗುವಿಗೂ ಪ್ರವೇಶ ನಿರಾಕರಿಸುವಂತಿಲ್ಲ. 5ನೆಯ ಸೆಕ್ಷನ್ ಪ್ರಕಾರ ವರ್ಗಾವಣೆ ಪತ್ರ ತಡವಾಯಿತೆಂದು ಸೇರಿಸಿಕೊಳ್ಳದೆ ಇರುವಂತಿಲ್ಲ. 4ನೆಯ ಸೆಕ್ಷನ್ ಪ್ರಕಾರ ಶಾಲೆಗೆ ಹೋಗದೆಯೇ ಬೆಳೆದ ಮಗುವನ್ನು ಅದರ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಂಡು ವಿಶೇಷ ತರಬೇತಿ ಕೊಡಬೇಕು. ಶಾಲಾ ಪ್ರವೇಶಕ್ಕೆ ಆಧಾರ್ ಕಡ್ಡಾಯವಲ್ಲವೆಂದು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರಿನ ತೀರ್ಪಿನಲ್ಲಿ ಸ್ಪಷ್ಟವಾಗಿ ಹೇಳಿದೆ. ಹೀಗಿರುವಾಗ ಕಾಗದವಿಲ್ಲದೆ ಬಂದ ಮಗುವನ್ನು "ನಾಳೆ ತಗೊಂಡು ಬನ್ನಿ" ಎಂದು ಹಿಂದಕ್ಕೆ ಕಳುಹಿಸಬಾರದು. ಮಗುವನ್ನು ಇಂದೇ ಕೋಣೆಯಲ್ಲಿ ಕೂರಿಸಿ, ಬೇಕಾದ ಕಾಗದ ಯಾವುದು, ಅದು ಎಲ್ಲಿ ಸಿಗುತ್ತದೆ, ಯಾರನ್ನು ಕೇಳಬೇಕು ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಕೊಡಿ. ಒಂದನೆಯ ತರಗತಿಗೆ ಜೂನ್ 1ಕ್ಕೆ 6 ವರ್ಷ ತುಂಬಿರಬೇಕೆಂಬ ನಿಯಮವಿದ್ದು, 2025-26ನೇ ಸಾಲಿಗೆ ಸರ್ಕಾರ ಅದನ್ನು ಸಡಿಲಿಸಿತ್ತು. ಆದ್ದರಿಂದ ಆಯಾ ವರ್ಷದ ಸುತ್ತೋಲೆಯ ಪ್ರತಿ ಮೇಜಿನ ಮೇಲೆಯೇ ಇರಲಿ.

ಈಗ ಹೆಸರಿನ ವಿಷಯ. ನಮ್ಮ ಕಡೆ ತಂದೆಯ ಹೆಸರು ಆಧಾರ್ ಕಾರ್ಡಿನಲ್ಲಿ ವೆಂಕಟರವಣಪ್ಪ ಎಂದೂ ಪಡಿತರ ಚೀಟಿಯಲ್ಲಿ ವೆಂಕಟರಮಣಪ್ಪ ಎಂದೂ ಇರುವುದು ಸಾಮಾನ್ಯ. ಮಗುವನ್ನು ಮನೆಯಲ್ಲಿ ಕರೆಯುವುದು ಒಂದು ಹೆಸರಿನಿಂದ, ಜನನ ಪ್ರಮಾಣಪತ್ರದಲ್ಲಿರುವುದು ಇನ್ನೊಂದು. ದಾಖಲಾತಿ ಪುಸ್ತಕದಲ್ಲಿಯೂ ವಿದ್ಯಾರ್ಥಿಗಳ ವಿವರ ದಾಖಲಿಸುವ ಇಲಾಖೆಯ ಸ್ಯಾಟ್ಸ್ ತಂತ್ರಾಂಶದಲ್ಲಿಯೂ ಅಂದು ಏನು ಬರೆಯುತ್ತೇವೋ ಅದೇ ಹತ್ತನೆಯ ತರಗತಿಯ ಅಂಕಪಟ್ಟಿಯವರೆಗೆ ಮಗುವಿನ ಜೊತೆ ನಡೆದುಹೋಗುತ್ತದೆ, ಮುಂದೆ ಒಂದು ಅಕ್ಷರ ತಿದ್ದಿಸಲು ಕಚೇರಿಯಿಂದ ಕಚೇರಿಗೆ ಅಲೆಯಬೇಕಾಗುತ್ತದೆ. ನಾನು ಹಿಂದೆ ಕೆಲಸ ಮಾಡಿದ ಒಂದು ಶಾಲೆಯಲ್ಲಿ ಅವಸರದಲ್ಲಿ ಬರೆದ ಹುಟ್ಟಿದ ವರ್ಷ ಒಂದು ಅಂಕಿ ತಪ್ಪಾಗಿತ್ತು. ಆ ಹುಡುಗಿ ಕಾಲೇಜಿಗೆ ಸೇರುವ ಹೊತ್ತಿನಲ್ಲಿ ತಂದೆಯೊಡನೆ ನಮ್ಮಲ್ಲಿಗೆ ನಾಲ್ಕು ಸಲ ಬರಬೇಕಾಯಿತು. ಆತ ಒಂದು ಬಿರುಸು ಮಾತನ್ನೂ ಆಡಲಿಲ್ಲ, ನನಗೆ ತಲೆ ಎತ್ತಲಾಗಲಿಲ್ಲ. ಆದ್ದರಿಂದ ಬರೆದಾದ ಮೇಲೆ ಮಗುವಿನ ಹೆಸರು, ತಂದೆತಾಯಿಯರ ಹೆಸರು, ಹುಟ್ಟಿದ ದಿನ ಇಷ್ಟನ್ನೂ ಗಟ್ಟಿಯಾಗಿ, ನಿಧಾನವಾಗಿ ಓದಿ ಹೇಳಿ, ಮನೆಯವರು ಹೂಂ ಎಂದ ಮೇಲೆಯೇ ಸಹಿ ಅಥವಾ ಹೆಬ್ಬೆಟ್ಟು ಪಡೆಯಬೇಕು. ಹೆಬ್ಬೆಟ್ಟಿನ ಮಸಿ ಒರೆಸಿಕೊಳ್ಳಲು ಒಂದು ಒದ್ದೆ ಬಟ್ಟೆ ಪಕ್ಕದಲ್ಲಿರಲಿ.

ಆಧಾರ್ ಇರುವ ಮಗುವಿಗೆ 5 ವರ್ಷ ತುಂಬಿದ ಮೇಲೆ ಬೆರಳಚ್ಚು ನವೀಕರಿಸಬೇಕೆಂಬುದನ್ನೂ, ವಿದ್ಯಾರ್ಥಿವೇತನಕ್ಕೆ ಜಾತಿ ಮತ್ತು ಆದಾಯ ಪ್ರಮಾಣಪತ್ರ ಬೇಕಾಗುತ್ತದೆಂಬುದನ್ನೂ ಇಲ್ಲಿಯೇ ತಿಳಿಸಬಹುದು, ಆದರೆ ಪ್ರವೇಶಕ್ಕೂ ಅದಕ್ಕೂ ಗಂಟು ಹಾಕಬಾರದು. ಎಂಟನೆಯ ತರಗತಿಗೆ ಹೋಬಳಿ ಕೇಂದ್ರದ ಪ್ರೌಢಶಾಲೆಗೆ ಹೋಗುವ ಮಕ್ಕಳ ಮನೆಯವರಿಗೆ ಬಸ್ಸಿನ ಚಿಂತೆ ಇರುತ್ತದೆ. 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಡಿ ಹೆಣ್ಣುಮಕ್ಕಳಿಗೆ ಸಾಮಾನ್ಯ ಸಾರಿಗೆ ಬಸ್ಸಿನಲ್ಲಿ ಟಿಕೆಟ್ ಹಣವಿಲ್ಲ, ಗಂಡುಮಕ್ಕಳು ಸರ್ಕಾರದ ಸೇವಾ ಸಿಂಧು ಜಾಲತಾಣದ ಮೂಲಕ ರಿಯಾಯಿತಿ ಪಾಸಿಗೆ ಅರ್ಜಿ ಹಾಕಬೇಕು. ಆ ಅರ್ಜಿಯನ್ನು ಶಾಲೆಯ ಕಂಪ್ಯೂಟರಿನಲ್ಲೋ ಶಿಕ್ಷಕರ ಮೊಬೈಲಿನಲ್ಲೋ ತುಂಬಿಕೊಟ್ಟರೆ ಒಂದು ದಿನದ ಕೆಲಸ ಮನೆಯವರಿಗೆ ಉಳಿಯುತ್ತದೆ.

ಅಂಗವೈಕಲ್ಯವಿರುವ ಮಗು ಬಂದಾಗ ಮನೆಯವರ ಮುಖ ನೋಡಿ, ಇಲ್ಲಿ ಆಗುವುದಿಲ್ಲವೆಂಬ ಮಾತನ್ನು ಕೇಳಿ ಕೇಳಿ ಸೋತಿರುತ್ತಾರೆ. ಸೇರಿಸಿಕೊಳ್ಳುತ್ತೇವೆಂದು ಮೊದಲು ಹೇಳಿ, ಹೇಗೆಂಬುದನ್ನು ಆಮೇಲೆ ಮಾತನಾಡಿ. ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರಿರುತ್ತಾರೆ, ಅವರನ್ನು ಅದೇ ವಾರದಲ್ಲಿ ಕರೆಸಿಕೊಳ್ಳಬೇಕು.

ಏಳನೆಯ ಹೆಜ್ಜೆ: ಒಂದೇ ಪಂಕ್ತಿಯ ಊಟ

ಅಂದಿನ ಬಿಸಿಯೂಟಕ್ಕೆ ಪಾಯಸವೋ ಕೇಸರಿಬಾತೋ ಇರಲಿ, ಬಂದ ಮನೆಯವರಿಗೂ ಎಲೆ ಇರಲಿ. ಅದರ ಖರ್ಚನ್ನು ಊರಿನವರೇ ಸಂತೋಷದಿಂದ ಹೊರುತ್ತಾರೆ. ಶಿಕ್ಷಕರು, ಎಸ್‌ಡಿಎಂಸಿಯವರು, ಪೋಷಕರು, ಮಕ್ಕಳು ಎಲ್ಲರೂ ಒಂದೇ ಪಂಕ್ತಿಯಲ್ಲಿ ಕೂರಬೇಕು. ಅಡುಗೆ ಯಾರು ಮಾಡಿದರು, ಪಕ್ಕದಲ್ಲಿ ಯಾರು ಕುಳಿತರು ಎಂಬ ಲೆಕ್ಕ ಕೆಲವು ಊರುಗಳಲ್ಲಿ ಇನ್ನೂ ಉಳಿದಿದೆ, ಅದಕ್ಕೆ ಶಾಲೆ ಜಾಗ ಕೊಡಕೂಡದು. ಮುಖ್ಯ ಶಿಕ್ಷಕರು ಮೊದಲ ತುತ್ತು ತಿಂದು, ಅಡುಗೆಯವರನ್ನು ಹೆಸರು ಹೇಳಿ ಎಲ್ಲರಿಗೂ ಪರಿಚಯಿಸಿದರೆ, ಹೇಳಬೇಕಾದ್ದನ್ನು ಹೇಳಿದಂತೆಯೇ.

ಊಟದ ಹೊತ್ತಿನಲ್ಲಿಯೇ ಆಹಾರದ ವಿಷಯ ತಿಳಿಸುವುದು ಸುಲಭ. 2013ರ ಆಗಸ್ಟ್ 1ರಿಂದ ಕ್ಷೀರಭಾಗ್ಯದ ಹಾಲು, 2024ರಿಂದ ಹಾಲಿನೊಡನೆ ರಾಗಿ ಮಾಲ್ಟ್, ಜೊತೆಗೆ ಮೊಟ್ಟೆ, ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು ನಮ್ಮ ಶಾಲೆಗಳಲ್ಲಿ ಸಿಗುತ್ತಿವೆ. ರಾಗಿ ಮಾಲ್ಟ್ ಕಾರ್ಯಕ್ರಮದಲ್ಲಿ ಸರ್ಕಾರದ ಜೊತೆ ಕೈಜೋಡಿಸಿದ ಶ್ರೀ ಸತ್ಯಸಾಯಿ ಅನ್ನಪೂರ್ಣ ಟ್ರಸ್ಟ್ ಚಿಕ್ಕಬಳ್ಳಾಪುರದ ಮುದ್ದೇನಹಳ್ಳಿಯದು. ಯಾವ ಮಗು ಮೊಟ್ಟೆ ತಿನ್ನುತ್ತದೆ, ಯಾವುದಕ್ಕೆ ಹಾಲು ಒಗ್ಗುವುದಿಲ್ಲ, ಯಾವುದಕ್ಕೆ ಕಡಲೆಕಾಯಿ ತಿಂದರೆ ಮೈಮೇಲೆ ಗಂಧೆ ಏಳುತ್ತದೆ ಎಂಬುದನ್ನು ಮನೆಯವರನ್ನೇ ಕೇಳಿ ಬರೆದು, ಆ ಪಟ್ಟಿಯ ಒಂದು ಪ್ರತಿಯನ್ನು ಅಡುಗೆಮನೆಯ ಗೋಡೆಗೆ ಅಂಟಿಸಬೇಕು.

ಎಂಟನೆಯ ಹೆಜ್ಜೆ: ಕೇಳುವ ಸಭೆ

ಊಟವಾದ ಮೇಲೆ, ಅಥವಾ ಮೊದಲೇ ಗೊತ್ತುಪಡಿಸಿದ ಸಂಜೆಯಲ್ಲಿ, ತರಗತಿವಾರು ಸಣ್ಣ ಸಭೆ ನಡೆಸಿ. ಊರಿನ ಎಲ್ಲರನ್ನೂ ಒಂದೇ ಸಭಾಂಗಣದಲ್ಲಿ ಸೇರಿಸಿದರೆ ಮಾತು ಬಲ್ಲ ನಾಲ್ಕು ಮಂದಿ ಮಾತ್ರ ಮಾತನಾಡುತ್ತಾರೆ. ಚಾಪೆಯೋ ಬೆಂಚೋ, ಶಿಕ್ಷಕರೂ ಪೋಷಕರೂ ಒಂದೇ ಎತ್ತರದಲ್ಲಿ, ಸುತ್ತಲೂ ಮುಖ ಕಾಣುವಂತೆ ಕುಳಿತುಕೊಳ್ಳಬೇಕು. ಪ್ರತಿ ಮನೆಗೂ ಮೂರು ಪ್ರಶ್ನೆ ಕೇಳಿ: ನಿಮ್ಮ ಮಗುವಿಗೆ ಏನು ಮಾಡಿದರೆ ಖುಷಿ? ಯಾವುದಕ್ಕೆ ಹೆದರುತ್ತದೆ? ನಾವು ತಿಳಿದುಕೊಂಡಿರಬೇಕಾದ ಬೇರೆ ಸಂಗತಿ ಏನಾದರೂ ಇದೆಯೇ? ಮೂರನೆಯದಕ್ಕೆ ಎಲ್ಲರೆದುರು ಉತ್ತರ ಬರುವುದಿಲ್ಲ, ಆಮೇಲೆ ಬಾಗಿಲ ಬಳಿ ತಡೆದು ನಿಲ್ಲಿಸಿ ಮೆಲ್ಲಗೆ ಹೇಳುತ್ತಾರೆ. ಒಬ್ಬ ತಂದೆ ಹಾಗೆ ನಿಂತು, ಮಗಳು ರಾತ್ರಿ ಹಾಸಿಗೆ ಒದ್ದೆ ಮಾಡಿಕೊಳ್ಳುತ್ತಾಳೆ, ತರಗತಿಯಲ್ಲಿ ಎದ್ದು ಕೇಳಲು ನಾಚುತ್ತಾಳೆ, "ಮೇಡಮ್ನೋರೇ, ಒಂಚೂರು ನೋಡ್ಕಳಿ" ಎಂದಿದ್ದ. ಆ ವರ್ಷವಿಡೀ ಗಂಟೆಗೊಮ್ಮೆ ಆ ಮಗುವನ್ನು ಕಣ್ಸನ್ನೆಯಲ್ಲಿಯೇ ಹೊರಗೆ ಕಳುಹಿಸುವುದು ನಮ್ಮ ಶಿಕ್ಷಕಿಗೂ ಅವಳಿಗೂ ನಡುವಿನ ಗುಟ್ಟಾಗಿತ್ತು.

ಆಮೇಲೆ ಶಾಲೆಯ ಮಾತು. ಹೊಡೆಯುವುದಿಲ್ಲ, ಬೈದು ಅವಮಾನಿಸುವುದಿಲ್ಲ, ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಸೆಕ್ಷನ್ ಅದನ್ನು ನಿಷೇಧಿಸಿದೆ ಎಂಬುದನ್ನು ಶಿಕ್ಷಕರೇ ತಮ್ಮ ಬಾಯಿಂದ ಹೇಳಬೇಕು. "ನಾಲ್ಕು ಬಿಡಿ ಸಾ, ಬುದ್ಧಿ ಬರಲಿ" ಎನ್ನುವ ತಂದೆಗೂ ಸಮಾಧಾನವಾಗಿ ಅದನ್ನೇ ಹೇಳಬೇಕು. ಮಕ್ಕಳ ಸಹಾಯವಾಣಿ 1098 ಎಂಬುದನ್ನು ಗೋಡೆಯ ಮೇಲೆ ಬರೆಸಿ ತೋರಿಸಿ. ಮೊದಲ ದಿನಗಳಲ್ಲಿ ಸೇತುಬಂಧ ನಡೆಯುತ್ತದೆ, ಹಿಂದಿನ ತರಗತಿಯಲ್ಲಿ ಕಲಿತದ್ದು ಎಷ್ಟು ಉಳಿದಿದೆ ಎಂದು ನೋಡಿ ಬಿಟ್ಟುಹೋದದ್ದನ್ನು ತುಂಬುತ್ತೇವೆ, ಆದ್ದರಿಂದ ಹೊಸ ಪಾಠ ಶುರುವಾಗಿಲ್ಲವೆಂದು ಗಾಬರಿಯಾಗಬೇಡಿ ಎಂದು ವಿವರಿಸಿ. ಎಸ್‌ಡಿಎಂಸಿಯ ಮಾತು ಬಂದಾಗ, ಇಂಥ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪೋಷಕರೇ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು ಎಂದು ಕಾಯ್ದೆ ಹೇಳಿರುವುದನ್ನು ತಿಳಿಸಿ, ಬಾಯಿಬಿಡದೆ ಕುಳಿತ ತಾಯಂದಿರ ಕಡೆ ತಿರುಗಿ ಕೇಳಿ.

ಒಂಬತ್ತನೆಯ ಹೆಜ್ಜೆ: ಜೂನ್ ಮುಗಿಯುವವರೆಗೆ

ತೋರಣ ಬಾಡಿದ ಮೇಲೆ ಕೆಲಸ ಇನ್ನೂ ಉಳಿದಿರುತ್ತದೆ. ಸತತ ಮೂರು ದಿನ ಬಾರದ ಮಗುವಿನ ಮನೆಗೆ ನಾಲ್ಕನೆಯ ದಿನ ಹೋಗಬೇಕು. ಹೋದಾಗ ಮೊದಲ ಮಾತು "ಯಾಕೆ ಕಳಿಸಿಲ್ಲ" ಎಂದಾಗದೆ "ಹುಷಾರಾಗಿದ್ದಾನಾ" ಎಂದಾಗಲಿ. ಮಾವಿನ ಕಾಲದಲ್ಲಿ ಹಣ್ಣು ಕಾಯಲು ತೋಪಿನಲ್ಲೇ ಉಳಿದ ಮಗುವನ್ನು ನಾನು ತೋಪಿಗೇ ಹೋಗಿ ಮಾತನಾಡಿಸಿ ಬಂದಿದ್ದೇನೆ, ಮರುದಿನ ಅವನು ಒಂದು ಚೀಲ ಬಾದಾಮಿ ಮಾವಿನ ಹಣ್ಣು ಹೊತ್ತು ಶಾಲೆಗೆ ಬಂದ.

ಮೊದಲ ಹದಿನೈದು ದಿನಗಳಲ್ಲಿ ಪ್ರತಿ ಮನೆಗೂ ಒಂದು ಫೋನ್ ಕರೆ ಹೋಗಲಿ, ಅದು ಒಳ್ಳೆಯ ಸುದ್ದಿಯದೇ ಆಗಿರಲಿ. 30 ಮಕ್ಕಳ ತರಗತಿಗೆ ದಿನಕ್ಕೆ ಎರಡು ಮೂರು ಕರೆ ಮಾಡಿದರೆ ಮುಗಿಯುತ್ತದೆ. ಮಗು ಹಾಡಿದ್ದು, ಪಕ್ಕದವನಿಗೆ ಪೆನ್ಸಿಲ್ ಕೊಟ್ಟದ್ದು, ಮೊದಲ ಸಲ ತನ್ನ ಹೆಸರು ಬರೆದದ್ದು, ಹೇಳಲು ಒಂದು ಸಂಗತಿ ಸಿಕ್ಕೇ ಸಿಗುತ್ತದೆ. ಶಾಲೆಯ ನಂಬರ್ ಕಂಡೊಡನೆ ಆ ಕಡೆಯ ದನಿ "ಏನ್ ಮಾಡ್ದ ಮಿಸ್?" ಎಂದು ಅಳುಕಿನಿಂದಲೇ ಕೇಳುತ್ತದೆ. ತಪ್ಪೇನೂ ಮಾಡಿಲ್ಲವೆಂದು ತಿಳಿದ ಮೇಲೆ ಆ ಕಡೆ ಒಂದು ಕ್ಷಣ ಸದ್ದಿರುವುದಿಲ್ಲ. ಆ ಮನೆಗೆ ಮುಂದೆ ಒಂದು ಕಷ್ಟದ ಮಾತನ್ನು ಹೇಳಬೇಕಾಗಿ ಬಂದರೆ ನಮ್ಮ ಮಾತು ಅಲ್ಲಿ ನಡೆಯುತ್ತದೆ.

ಸೇತುಬಂಧದ ಫಲಿತಾಂಶ ಬಂದ ಮೇಲೆ ಅದನ್ನು ಅಂಕಿಗಳಲ್ಲಿ ಹೇಳದೆ, ಓದಲು ಬರುತ್ತದೆ, ಕೂಡುವುದು ಬರುತ್ತದೆ, ಕಳೆಯುವುದರಲ್ಲಿ ಎಡವುತ್ತಾನೆ ಎಂದು ಹೇಳಿ, ಅದಕ್ಕೆ ಮನೆಯಲ್ಲಿ ಆಗುವಂಥ ಒಂದೇ ಒಂದು ಕೆಲಸ ಸೂಚಿಸಿ. ಡೈರಿಯ ಪುಸ್ತಕದಲ್ಲಿ ಬರೆದ ಹಾಲಿನ ಲೆಕ್ಕವನ್ನು ಮಗನಿಂದ ಓದಿಸುವುದು ಅಂಥದ್ದೊಂದು, ಅಕ್ಷರ ಬಾರದ ತಾಯಿಯೂ ಅದನ್ನು ಮಾಡಿಸಬಲ್ಲಳು.

ಜೂನ್ ಕೊನೆಯ ಶನಿವಾರ ಎಲ್ಲ ಶಿಕ್ಷಕರೂ ಕುಳಿತು ಏಪ್ರಿಲ್‌ನಲ್ಲಿ ಬರೆದ ಪಟ್ಟಿಯನ್ನು ತೆರೆದು, ಇದುವರೆಗೆ ಯಾವ ಮನೆಯಿಂದ ಒಬ್ಬರೂ ಶಾಲೆಗೆ ಬಂದಿಲ್ಲ ಎಂದು ಗುರುತು ಹಾಕಬೇಕು. ನಮ್ಮಲ್ಲಿ ಅಂಥ ಮನೆಗಳು ಒಂದು ವರ್ಷ ಏಳು ಉಳಿದವು, ಇನ್ನೊಂದು ವರ್ಷ ಮೂರು. ಆ ಮನೆಗಳ ಹೆಸರನ್ನು ಶಿಕ್ಷಕರು ಹಂಚಿಕೊಂಡು, ಬಿತ್ತನೆಯ ಕೆಲಸ ಬಿರುಸಾಗುವ ಮೊದಲೇ, ಸಂಜೆ ಹಾಲು ಹಾಕಿ ಬಂದ ಹೊತ್ತಿಗೆ ಹೋಗಿ ಜಗಲಿಯ ಮೇಲೆ ಕುಳಿತು ಬರಬೇಕು.